ಅರ್ಧ ಬರೆದ ಕಾದಂಬರಿಯ ಮೊದಲ ಓದುಗರು

ಕವಿತೆಯೊಂದನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸಿದವರುಂಟು. ಸಣ್ಣಕತೆಯನ್ನು ಒಂದು ರಜೆಯ ದಿನ ನಿದ್ದೆಗೆಟ್ಟು ಪೂರೈಸಿದವರೂ ಉಂಟು. ಕಾದಂಬರಿಯ ಹಾದಿ ಹಾಗಲ್ಲ. ಅದು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ಹೊರಡುವ ಮಾತೆತ್ತದ ನೆಂಟನಂತೆ ಬರೆಯುವವರ ಮನೆಯಲ್ಲಿ ಬೀಡುಬಿಟ್ಟಿರುತ್ತದೆ. ಮೊದಲ ಐವತ್ತು ಪುಟಗಳು ಹುಮ್ಮಸ್ಸಿನಲ್ಲಿ ಸಾಗುತ್ತವೆ. ಕೊನೆಯ ಐವತ್ತು ಪುಟಗಳು ಎದುರುದಡ ಕಂಡ ಧೈರ್ಯದಲ್ಲಿ ಸಾಗುತ್ತವೆ. ಕಷ್ಟವೆಲ್ಲ ನಡುಹೊಳೆಯಲ್ಲಿ. ಹಿಂದಿನ ದಡ ಮರೆಯಾಗಿದೆ, ಮುಂದಿನದು ಕಾಣುತ್ತಿಲ್ಲ. ನಾಯಕಿ ಮೂರು ವಾರಗಳಿಂದ ಅದೇ ಕಿಟಕಿಯ ಬಳಿ ನಿಂತಿದ್ದಾಳೆ. ಆಕೆಯನ್ನು ಅಲ್ಲಿಂದ ಕದಲಿಸುವ ಬಗೆ ಕರ್ತೃವಿಗೆ ತಿಳಿಯದು. ನಮ್ಮ ಮೈಸೂರಿನ ಎಷ್ಟು ಮನೆಗಳ ಪೆಟ್ಟಿಗೆಗಳಲ್ಲಿ, ಹಳೆಯ ಜಾತಕಗಳ ಮತ್ತು ಕಂದಾಯದ ರಸೀತಿಗಳ ನಡುವೆ, ಹೀಗೆ ಕಿಟಕಿಯ ಬಳಿಯೇ ನಿಂತುಬಿಟ್ಟ ನಾಯಕಿಯರಿದ್ದಾರೋ ಬಲ್ಲವರಾರು?

ಸಾಹಿತ್ಯ ಚರಿತ್ರೆಗೆ ಇವರ ಪರಿಚಯವಿಲ್ಲ. ಅದು ಅಚ್ಚಾದ ಪುಸ್ತಕದಿಂದ ತನ್ನ ಕಥೆಯನ್ನು ಆರಂಭಿಸುತ್ತದೆ: ಇಂಥ ವರ್ಷ ಪ್ರಕಟವಾಯಿತು, ಇಂಥ ಬಹುಮಾನ ಬಂದಿತು, ಇಂಥವರು ಮೆಚ್ಚಿದರು, ಇಂಥವರು ಟೀಕಿಸಿದರು. ಪುಸ್ತಕವು ಇನ್ನೂ ನೋಟುಬುಕ್ಕಿನಲ್ಲಿ ಅರೆಬರೆಯಾಗಿದ್ದಾಗ ಅದನ್ನು ಓದಿ, ‘ಆಮೇಲೇನಾಯಿತು?’ ಎಂದು ಕೇಳಿದವರ ಹೆಸರು ಹೆಚ್ಚೆಂದರೆ ಮುನ್ನುಡಿಯ ಕೊನೆಯ ಸಾಲಿನಲ್ಲಿ, ಮುದ್ರಕರಿಗೂ ರಕ್ಷಾಪುಟದ ಚಿತ್ರಕಾರರಿಗೂ ವಂದನೆ ಸಲ್ಲಿಸುವ ಎಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಆ ಪ್ರಶ್ನೆ ಕೇಳುವವರಿಲ್ಲದೆ ಹೋಗಿದ್ದರೆ ಕೆಲವು ಪುಸ್ತಕಗಳು ಇರುತ್ತಲೇ ಇರಲಿಲ್ಲ. ಮೈಸೂರು ಮತ್ತು ಅದರ ಸುತ್ತಿನ ನೆಲದಿಂದಲೇ ಇದಕ್ಕೆ ನಿದರ್ಶನಗಳು ದೊರೆಯುತ್ತವೆ.

ಥೇಮ್ಸ್ ನದಿಯಲ್ಲಿ ಮುಳುಗದ ಕಟ್ಟು

ಯಾದವಗಿರಿಯಲ್ಲಿರುವ ಆರ್. ಕೆ. ನಾರಾಯಣರ ಮನೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ೨೦೧೬ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಅವರು ಇಂಗ್ಲಿಷಿನಲ್ಲಿ ಬರೆದವರಾದರೂ ಅವರ ಮಾಲ್ಗುಡಿಯ ಬೀದಿಗಳಲ್ಲಿ ಮೈಸೂರಿನ ಬೀದಿಗಳ ಗಾಳಿ ಬೀಸುತ್ತದೆ ಎಂಬುದನ್ನು ಒಪ್ಪದವರು ವಿರಳ. ಅಂದಹಾಗೆ, ಮೊದಲ ಕಾದಂಬರಿಯ ಮೊದಲ ಸಾಲು ಬಿದ್ದದ್ದು ಮೈಸೂರಿನಲ್ಲಲ್ಲ, ಬೆಂಗಳೂರಿನಲ್ಲಿ. ೧೯೩೦ರ ಸೆಪ್ಟೆಂಬರಿನಲ್ಲಿ, ಅಜ್ಜಿ ನೋಡಿಕೊಟ್ಟ ಶುಭದಿನದಂದು ಒಂದು ನೋಟುಬುಕ್ಕು ಕೊಂಡು ತಂದು ಅವರು ಬರೆಯತೊಡಗಿದರು. ಅಜ್ಜಿ ಆರಿಸಿದ ಮುಹೂರ್ತ ಸಾಮಾನ್ಯವಾದುದಲ್ಲವೆಂದು ಈಗ ಹೇಳಬಹುದು. ಆಗ ಹಾಗೆ ಕಾಣಲಿಲ್ಲ. ಹಸ್ತಪ್ರತಿ ಲಂಡನ್ನಿನ ಪ್ರಕಾಶಕರ ಬಳಿಗೆ ಹೋಗುವುದು, ಒಲ್ಲೆವೆಂಬ ಚೀಟಿಯೊಡನೆ ಮರಳುವುದು, ಮತ್ತೆ ಬೇರೊಬ್ಬರ ಬಳಿಗೆ ಹೊರಡುವುದು, ಹೀಗೆ ಅಂಚೆಯ ಖರ್ಚು ಬೆಳೆಯಿತೇ ಹೊರತು ಫಲ ಕಾಣಲಿಲ್ಲ.

ಅವರ ಮೈಸೂರಿನ ಗೆಳೆಯ ಕಿಟ್ಟು ಪೂರ್ಣ ಆಗ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡುತ್ತಿದ್ದರು. ಬೇಸತ್ತ ನಾರಾಯಣರು ತಿರಸ್ಕೃತವಾದ ಹಸ್ತಪ್ರತಿಯನ್ನು ಆತನ ಬಳಿಗೆ ಹೋಗುವಂತೆ ಮಾಡಿ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡುವಂತೆ ಬರೆದರು. ಗೆಳೆಯ ಆ ಅಪ್ಪಣೆಯನ್ನು ಪಾಲಿಸಲಿಲ್ಲ. ಸ್ನೇಹದಲ್ಲಿ ಅವಿಧೇಯತೆಯೂ ಒಂದು ಗುಣವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನಮ್ಮ ಸಾಹಿತ್ಯದ ಸುತ್ತಮುತ್ತ ನನಗೆ ಸಿಕ್ಕಿಲ್ಲ. ಅದೇ ಊರಿನಲ್ಲಿ ಆಗ ವಾಸವಾಗಿದ್ದ ಯುವ ಕಾದಂಬರಿಕಾರ ಗ್ರಹಾಂ ಗ್ರೀನರ ಕೈಗೆ ಪೂರ್ಣ ಆ ಕಟ್ಟನ್ನು ಒಪ್ಪಿಸಿದರು. ಗ್ರೀನರು ಓದಿದರು, ಮೆಚ್ಚಿದರು, ಹೆಸರನ್ನು ತಿದ್ದಿದರು, ಕರ್ತೃವಿನ ಉದ್ದವಾದ ಹೆಸರನ್ನೂ ಮೊಟಕುಗೊಳಿಸುವಂತೆ ಸೂಚಿಸಿದರು, ಪ್ರಕಾಶಕ ಹ್ಯಾಮಿಷ್ ಹ್ಯಾಮಿಲ್ಟನ್‌ಗೆ ಶಿಫಾರಸು ಮಾಡಿದರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ೧೯೩೫ರಲ್ಲಿ ಹೊರಬಂದಿತು.

ಪುಸ್ತಕ ಹೇಳಿಕೊಳ್ಳುವಂತೆ ಮಾರಾಟವಾಗಲಿಲ್ಲ. ಎರಡನೆಯದಕ್ಕೆ ಬೇರೆ ಪ್ರಕಾಶಕರು ಬೇಕಾದರು, ಮೂರನೆಯದಕ್ಕೆ ಮತ್ತೊಬ್ಬರು. ಪ್ರತಿಸಲವೂ ನಡುವೆ ನಿಂತು ಮಾತಾಡಿದವರು ಗ್ರೀನರೇ. ಇಷ್ಟಾದರೂ ಈ ಇಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿದ್ದು ೧೯೫೬ರಲ್ಲಿ, ಲಂಡನ್ನಿನಲ್ಲಿ! ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಮೈಸೂರಿಗೂ ಇಂಗ್ಲೆಂಡಿಗೂ ನಡುವೆ ಸಂಚರಿಸಿದ್ದು ಅಂಚೆಯ ಲಕೋಟೆಗಳು ಮಾತ್ರ. ಆ ಅವಧಿಯಲ್ಲೇ ೧೯೩೯ರಲ್ಲಿ ನಾರಾಯಣರ ಪತ್ನಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಮುಂದಿನ ಕಾದಂಬರಿಗೆ ಆರು ವರ್ಷ ಹಿಡಿಯಿತು. ಆ ‘ದಿ ಇಂಗ್ಲಿಷ್ ಟೀಚರ್’ ೧೯೪೫ರಲ್ಲಿ ಬಂದಾಗ ಅದನ್ನು ಪ್ರಕಟಿಸಿದ ಸಂಸ್ಥೆಯಲ್ಲೂ ಗ್ರೀನರಿದ್ದರು.

ಲಂಡನ್ನಿನ ಆ ಮೊದಲ ಭೇಟಿಯ ಕಾಲದ ಪ್ರಸಂಗವೊಂದನ್ನು ನಾರಾಯಣರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಮ್ಮ ವಿಷಯಕ್ಕೆ ಅದು ಬಹು ಮುಖ್ಯ. ಹಿಂದೊಮ್ಮೆ ಮೈಸೂರಿನಲ್ಲಿ ಮಳೆ ಹೋಗಿತ್ತು, ಕೆರೆಕಟ್ಟೆಗಳು ಬತ್ತಿದ್ದವು, ಮಳೆಗಾಗಿ ಪುರೋಹಿತರು ನೀರಿನಲ್ಲಿ ನಿಂತು ಜಪ ಮಾಡಿದ್ದರು. ಅದನ್ನು ಕಂಡು ಹುಟ್ಟಿದ ಕಥೆಯೊಂದು ಅವರ ಮನಸ್ಸಿನಲ್ಲಿತ್ತು. ಒಲ್ಲದ ಮನಸ್ಸಿನಿಂದಲೇ ಸಾಧುವಾಗಿಬಿಟ್ಟ ಒಬ್ಬ ಮಾರ್ಗದರ್ಶಿ, ಊರಿನವರ ನಂಬಿಕೆಗೆ ಸಿಕ್ಕಿ, ಮಳೆಗಾಗಿ ಉಪವಾಸ ಕೂರಬೇಕಾಗುತ್ತದೆ. ಕೊನೆಯಲ್ಲಿ ಅವನು ಬದುಕಬೇಕೇ, ಸಾಯಬೇಕೇ? ಬರೆಯುವವರಿಗೆ ನಿಶ್ಚಯವಿಲ್ಲ. ಕಥೆಯನ್ನು ಕೇಳಿದ ಗ್ರೀನರಿಗೆ ಮಾತ್ರ ಎಳ್ಳಷ್ಟೂ ಸಂಶಯವಿರಲಿಲ್ಲ: ಸಾಯಲೇಬೇಕು. ಪುಸ್ತಕದ ಮೊದಲ ಪುಟ ಬರೆಯುವ ಮುನ್ನವೇ ಗೆಳೆಯನ ಬಾಯಿಂದ ನಾಯಕನಿಗೆ ಮರಣದಂಡನೆಯಾಗಿತ್ತು.

‘ದಿ ಗೈಡ್’ ೧೯೫೮ರಲ್ಲಿ ಪ್ರಕಟವಾಯಿತು. ೧೯೬೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಅದರ ಕೊನೆಯ ಪುಟವನ್ನು ಇಂದು ತೆರೆದು ನೋಡಿ. ರಾಜು ನದಿಯ ನೀರಿನಲ್ಲಿ ಕುಸಿಯುತ್ತಾನೆ. ಪ್ರಾಣ ಹೋಯಿತೆಂದು ಕರ್ತೃ ಹೇಳುವುದಿಲ್ಲ. ಮಳೆ ಬಂದಿತೋ, ಬರುತ್ತಿದೆಯೆಂದು ಅವನಿಗೆ ತೋರಿತೋ, ಅದನ್ನೂ ಬಿಡಿಸಿ ಹೇಳುವುದಿಲ್ಲ. ಗೆಳೆಯನ ತೀರ್ಪನ್ನು ನಾರಾಯಣರು ಸ್ವೀಕರಿಸಿದರು, ಅದು ಕೊಟ್ಟ ನಿಶ್ಚಯದಿಂದ ಕಾದಂಬರಿಯನ್ನು ನಡೆಸಿದರು, ಆದರೆ ಕೊನೆಯ ವಾಕ್ಯದ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ಸಲಹೆ ಕೇಳುವ ಕಲೆಯೆಂದರೆ ಇಷ್ಟೇ ಇರಬೇಕು ಎಂದು ನನಗೆ ತೋರುತ್ತದೆ.

ಗುರುವಾರದ ಸಂಜೆಗಳು

ಕಿಟ್ಟು ಪೂರ್ಣ ಗೆಳೆಯನ ಹಸ್ತಪ್ರತಿಯನ್ನು ಹೊತ್ತು ಓಡಾಡಿದ ಆ ಆಕ್ಸ್‌ಫರ್ಡಿನಲ್ಲೇ, ಹೆಚ್ಚುಕಡಮೆ ಅದೇ ಕಾಲದಲ್ಲಿ, ಕೆಲವು ಅಧ್ಯಾಪಕರು ಸಂಜೆ ಸೇರಿ ತಾವು ಬರೆದುದನ್ನು ಒಬ್ಬರಿಗೊಬ್ಬರು ಓದಿ ಹೇಳುವ ಪರಿಪಾಠವನ್ನಿಟ್ಟುಕೊಂಡಿದ್ದರು. ಸೇರುತ್ತಿದ್ದುದು ಸಾಮಾನ್ಯವಾಗಿ ಗುರುವಾರ, ಮಾಡ್ಲಿನ್ ಕಾಲೇಜಿನಲ್ಲಿ, ಸಿ. ಎಸ್. ಲೂಯಿಸರ ಕೊಠಡಿಯಲ್ಲಿ. ಸದಸ್ಯತ್ವವಿಲ್ಲ, ಚಂದಾ ಇಲ್ಲ, ನಡಾವಳಿಯ ಪುಸ್ತಕವಿಲ್ಲ. ಅಧ್ಯಕ್ಷ ಭಾಷಣವಂತೂ ಇಲ್ಲವೇ ಇಲ್ಲ. (ನಮ್ಮ ಸಂಘಗಳ ಮಿತ್ರರು ಈ ಕೊನೆಯ ಅಂಶವನ್ನು ಗಮನಿಸಬಹುದು.) ಹಳೆಯ ಇಂಗ್ಲಿಷ್ ಭಾಷೆಯ ಪ್ರಾಧ್ಯಾಪಕ ಟೋಲ್ಕಿನ್ನರು ಅಲ್ಲಿ ತಮ್ಮ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಬೃಹತ್ಕಥೆಯ ಅಧ್ಯಾಯಗಳನ್ನು ಬರೆದಂತೆ ಬರೆದಂತೆ ಓದುತ್ತಿದ್ದರು. ೧೯೩೭ರ ಕೊನೆಯಲ್ಲಿ ಆರಂಭವಾದ ಆ ಬರವಣಿಗೆ ಅಚ್ಚಾಗಿ ಹೊರಬಂದದ್ದು ೧೯೫೪ ಮತ್ತು ೧೯೫೫ರಲ್ಲಿ. ನಡುವೆ ಎಷ್ಟೋ ಸಲ ನಿಂತುಹೋದ ಅದನ್ನು ಮತ್ತೆ ಮತ್ತೆ ಎಬ್ಬಿಸಿ ನಡೆಸಿದವರು ಲೂಯಿಸ್. ಲೂಯಿಸರಿಂದ ತಮಗೆ ದೊರೆತದ್ದು ಪ್ರಭಾವವಲ್ಲ, ಪ್ರೋತ್ಸಾಹ; ಅದಿಲ್ಲದಿದ್ದರೆ ಪುಸ್ತಕ ಮುಗಿಯುತ್ತಿರಲಿಲ್ಲ ಎಂಬರ್ಥದ ಮಾತನ್ನು ಟೋಲ್ಕಿನ್ನರು ಮುಂದೆ ಪತ್ರದಲ್ಲಿ ಬರೆದರು.

ಅದೇ ಗೋಷ್ಠಿಯಲ್ಲಿ ಹ್ಯೂಗೋ ಡೈಸನ್ನರೂ ಇದ್ದರು. ಸೊಗಸಾದ ಮಾತುಗಾರ, ಪ್ರಾಮಾಣಿಕ ಮನುಷ್ಯ. ಆದರೆ ಈ ಕಥೆ ಅವರಿಗೆ ಸಹಿಸದು. ಅವರ ಅಸಮ್ಮತಿ ಎಷ್ಟು ಬಲವಾಯಿತೆಂದರೆ ಅವರು ಬಂದಿದ್ದ ದಿನಗಳಲ್ಲಿ ಟೋಲ್ಕಿನ್ನರು ಓದುವುದನ್ನೇ ಬಿಟ್ಟರು. ಡೈಸನ್ನರ ಅಭಿರುಚಿಯಲ್ಲಿ ದೋಷವಿತ್ತೆಂದು ನಾನು ಹೇಳಲಾರೆ. ಆ ಗ್ರಂಥವನ್ನು ಇಂದಿಗೂ ಪೂರ್ತಿ ಓದಲಾರದವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದಾರೆ. ದೋಷವಿದ್ದುದು ಸಮಯದಲ್ಲಿ. ಮುಗಿದ ಕಟ್ಟಡದ ಗೋಡೆ ಓರೆಯಾಗಿದೆ ಎನ್ನುವವರು ಬೇಕೇ ಬೇಕು. ತಳಪಾಯ ತೋಡುತ್ತಿರುವವನ ಬಳಿ ನಿಂತು ಮೇಲ್ಛಾವಣಿಯ ಅಂದಚೆಂದ ಆಡುವವರಿಂದ ಮಾತ್ರ ಪ್ರಯೋಜನವಿಲ್ಲ. ಅಧ್ಯಾಪಕ ವೃತ್ತಿಯವರು ಇದನ್ನು ವಿಶೇಷವಾಗಿ ನೆನಪಿಡಬೇಕು; ಕೆಂಪು ಶಾಯಿಯ ಲೇಖನಿ ಕೈಯಲ್ಲಿದ್ದರೆ ಕಣ್ಣು ಕಥೆಯನ್ನು ಬಿಟ್ಟು ಒತ್ತಕ್ಷರಗಳ ಮೇಲೆ ಓಡುತ್ತದೆ.

ನನ್ನ ತರಗತಿಯಲ್ಲಿ ಇಬ್ಬರು ವಿದ್ಯಾರ್ಥಿನಿಯರಿದ್ದರು. ಇಬ್ಬರೂ ಕಾದಂಬರಿ ಬರೆಯುತ್ತಿದ್ದರು. ಪ್ರತಿ ಭಾನುವಾರ ರಾತ್ರಿ ಒಬ್ಬಳು ಬರೆದ ಭಾಗ ಮೊಬೈಲಿನ ಮೂಲಕ ಇನ್ನೊಬ್ಬಳಿಗೆ ಹೋಗಬೇಕೆಂಬುದು ಅವರ ಕರಾರು. ಸೋಮವಾರ ಬೆಳಿಗ್ಗೆ ನಗರಸಾರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಮುಗಿಸುತ್ತಿದ್ದರಂತೆ. ಏನೆಂದು ಅಭಿಪ್ರಾಯ ಬರೆಯುತ್ತೀರಿ ಎಂದು ಒಮ್ಮೆ ಕುತೂಹಲದಿಂದ ಕೇಳಿದೆ. ‘ಅಭಿಪ್ರಾಯ ಏನೂ ಇಲ್ಲ ಸಾರ್. ಭಾನುವಾರ ಬರದೇ ಇದ್ದರೆ ಜಗಳ ಅಷ್ಟೆ’ ಎಂದಳು ಒಬ್ಬಳು. ವಿಮರ್ಶಾ ಶಾಸ್ತ್ರದ ಯಾವ ಗ್ರಂಥದಲ್ಲಿಯೂ ಈ ಸೂತ್ರವಿಲ್ಲ. ಒಬ್ಬಳ ಕಾದಂಬರಿ ಮುಗಿಯಿತು; ಇನ್ನೊಬ್ಬಳದು ಇನ್ನೂ ನಡೆಯುತ್ತಿದೆ, ಜಗಳವೂ ನಡೆಯುತ್ತಿದೆ.

ವಾರಪತ್ರಿಕೆಯ ಧಾರಾವಾಹಿಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಇನ್ನೊಂದು ಗುಣ ಕಾಣುತ್ತದೆ. ಧಾರಾವಾಹಿಯೆಂದರೆ ಎಷ್ಟೋ ವೇಳೆ ಬರೆಯುತ್ತಿರುವ ಕಾದಂಬರಿಯನ್ನೇ ಸಾವಿರಾರು ಮನೆಗಳ ಮುಂದೆ ಓದಿ ಹೇಳುವ ಏರ್ಪಾಡು. ಸಂಪಾದಕರ ಕೈಯಲ್ಲಿ ಕೆಲವು ಕಂತುಗಳು ಮುಂಗಡವಾಗಿರುತ್ತವೆ. ಉಳಿದವು ಕರ್ತೃವಿನ ತಲೆಯಲ್ಲಿರುತ್ತವೆ. ಅಷ್ಟರಲ್ಲಿ ಓದುಗರ ಪತ್ರಗಳು ಬರತೊಡಗುತ್ತವೆ: ಆ ಸೊಸೆಯನ್ನು ತವರಿಗೆ ಕಳಿಸಬೇಡಿ, ಆ ಡಾಕ್ಟರಿಗೆ ಮದುವೆ ಮಾಡಿಸಿ. ೧೮೪೦-೪೧ರಲ್ಲಿ ಡಿಕನ್ಸನ ‘ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್’ ಕಂತುಕಂತಾಗಿ ಬರುತ್ತಿದ್ದಾಗ, ಪುಟ್ಟ ನೆಲ್ಲಳನ್ನು ಸಾಯಿಸಬೇಡಿರೆಂದು ಓದುಗರು ಅಂಗಲಾಚಿ ಬರೆದರು. ಡಿಕನ್ಸ್ ಕೇಳಲಿಲ್ಲ. ಆದರೆ ಓದುಗರು ಕಾಯುತ್ತಿದ್ದಾರೆಂಬ ಅರಿವು ಅವನ ಲೇಖನಿಯನ್ನು ನಿಲ್ಲಗೊಡಲಿಲ್ಲ.

ಕಾಲೇಜಿನ ಮೊಗಸಾಲೆ, ಧಾರವಾಡದ ಅಟ್ಟ

ನಮ್ಮವರ ಕಡೆಗೆ ಬರೋಣ. ಮೈಸೂರಿನ ಮಹಾರಾಜಾ ಕಾಲೇಜಿನ ಸುತ್ತ ಬೆಳೆದ ಗುರುಶಿಷ್ಯ ಪರಂಪರೆಯ ಮಾತನ್ನು ವಿಸ್ತರಿಸುವ ಅಗತ್ಯವಿಲ್ಲ. ಅದು ಕನ್ನಡಿಗರಿಗೆಲ್ಲ ತಿಳಿದದ್ದೇ. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಇಂಗ್ಲಿಷ್ ಕವಿತೆಗಳ ಕಟ್ಟಿನೊಡನೆ ಅವರನ್ನು ಕಂಡ ಹುಡುಗನಿಗೆ, ನಿನ್ನ ತಾಯ್ನುಡಿಯಲ್ಲಿ ಬರೆ ಎಂಬ ಉತ್ತರ ಸಿಕ್ಕಿತು. ಆ ಹುಡುಗ ಕುವೆಂಪು. ಮೊದಲಿಗೆ ಹಿಡಿಸದ ಆ ಮಾತು ಕೆಲಸ ಮಾಡಿತು. ಮುಂದೆ ಅವರಿಗೆ ಟಿ. ಎಸ್. ವೆಂಕಣ್ಣಯ್ಯನವರಂಥ ಗುರುಗಳ ಆಸರೆ ದೊರೆಯಿತು. ೧೯೩೬ರಲ್ಲಿ ಕುವೆಂಪು ಆರಂಭಿಸಿದ ‘ಶ್ರೀ ರಾಮಾಯಣ ದರ್ಶನಂ’ ಮುಗಿಯುವುದನ್ನು ನೋಡಲು ವೆಂಕಣ್ಣಯ್ಯನವರು ಉಳಿಯಲಿಲ್ಲ, ೧೯೩೯ರಲ್ಲಿ ತೀರಿಕೊಂಡರು. ೧೯೪೯ರಲ್ಲಿ ಹೊರಬಂದ ಕಾವ್ಯವು ಅವರಿಗೇ ಅರ್ಪಿತವಾಗಿದೆ. ಅದು ಮಹಾಕಾವ್ಯದ ಸಂಗತಿ. ನಾವು ಗದ್ಯಕ್ಕೆ ಮರಳೋಣ.

ಧಾರವಾಡದ ಕಡೆ ಇಂಥ ಸಂಗಕ್ಕೆ ಒಂದು ನೆಲೆಯೇ ಇತ್ತು. ಬೇಂದ್ರೆಯವರ ಗೆಳೆಯರ ಗುಂಪಿನ ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ಆಮೇಲೆ ೧೯೩೩ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಬಂದಿತು. ಜಿ. ಬಿ. ಜೋಶಿಯವರ ಆತಿಥ್ಯ, ಕೀರ್ತಿನಾಥ ಕುರ್ತಕೋಟಿಯವರ ಓದು, ಮೆಟ್ಟಿಲು ಹತ್ತಿ ಬಂದ ಹಸ್ತಪ್ರತಿಗಳು. ಮೈಸೂರಿನಲ್ಲಿ ಓದಿ ಇಲ್ಲಿಯೇ ಪಾಠ ಹೇಳಿದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ೧೯೬೫ರಲ್ಲಿ ಪ್ರಕಟವಾದದ್ದು ಅಲ್ಲಿಂದಲೇ. ಅದನ್ನು ಅವರು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ. ತಮ್ಮ ಅಧ್ಯಾಪಕ, ಸ್ವತಃ ಕಾದಂಬರಿಕಾರ, ಮಾಲ್ಕಂ ಬ್ರ್ಯಾಡ್‌ಬರಿಯವರೊಡನೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಲನಚಿತ್ರವನ್ನು ನೋಡಿದ ಮೇಲೆ ಮಾತಿಗೆ ಮಾತು ಬೆಳೆದು, ಇದನ್ನೆಲ್ಲ ನೀನು ಬರೆಯಬೇಕು ಎಂದು ಅವರು ಹುರಿದುಂಬಿಸಿದರಂತೆ. ಬ್ರ್ಯಾಡ್‌ಬರಿಯವರಿಗೆ ಕನ್ನಡದ ಗಂಧವಿಲ್ಲ. ಬರೆದುದರ ಒಂದಕ್ಷರವನ್ನೂ ಓದಲಾರದವರೂ ಬರವಣಿಗೆಯನ್ನು ಹೊರಡಿಸಬಲ್ಲರೆಂಬುದು ಸೋಜಿಗವಲ್ಲವೇ?

ಎಲ್ಲರಿಗೂ ಇಂಥ ಸಹಾಯ ಬೇಕೆಂದಲ್ಲ. ಶಿವರಾಮ ಕಾರಂತರು ಕುಳಿತರೆಂದರೆ ಕೆಲವೇ ದಿನಗಳಲ್ಲಿ ಕಾದಂಬರಿ ಮುಗಿಸಿ ಏಳುತ್ತಿದ್ದರು. ನಡುವೆ ಬಂದು ಬೆನ್ನು ತಟ್ಟಲು ಯಾರಿಗೂ ಪುರುಸೊತ್ತು ಸಿಕ್ಕುತ್ತಿರಲಿಲ್ಲ! ಬರೆಯುವ ಮುನ್ನ ಕಥೆಯನ್ನು ನಾಲ್ವರಿಗೆ ಹೇಳಿದರೆ ಅದರ ಉಗಿಯೆಲ್ಲ ಹೊರಟುಹೋಗುತ್ತದೆಂದು ಹೆದರಿ ಬಾಯಿ ಬಿಡದವರೂ ಇದ್ದಾರೆ. ಆ ಹೆದರಿಕೆ ಅಕಾರಣವಲ್ಲ.

ಮಂಡ್ಯದಲ್ಲಿ ಕೂಡಿದ ಎರಡು ದಾರಿಗಳು

ಇದುವರೆಗೆ ಹೇಳಿದ್ದೆಲ್ಲ ಗಂಡಸರ ಸಂಗತಿ. ಅವರಿಗೆ ಕಾಲೇಜಿನ ಮೊಗಸಾಲೆಯಿತ್ತು, ವಿದ್ಯಾರ್ಥಿನಿಲಯದ ಕೋಣೆಯಿತ್ತು, ಕಾಫಿ ಹೌಸಿನ ಮೇಜಿತ್ತು. ಒಂದು ಲೋಟ ಕಾಫಿಯ ಮುಂದೆ ಮೂರು ಗಂಟೆ ಕೂತರೂ ಕೇಳುವವರಿಲ್ಲ. ಐವತ್ತು-ಅರವತ್ತರ ದಶಕಗಳಲ್ಲಿ ಕಥೆ ಬರೆಯುತ್ತಿದ್ದ ಗೃಹಿಣಿಗೆ ಏನಿತ್ತು? ಮಧ್ಯಾಹ್ನದ ಪಾತ್ರೆಗಳು ತೊಳೆದಾದ ಮೇಲೆ, ಸಂಜೆಯ ಕಾಫಿಗೆ ನೀರಿಡುವ ಮುನ್ನ ಸಿಕ್ಕುವ ಗಂಟೆ ಒಂದೂವರೆ ಗಂಟೆ. ಬರೆಯಲೂ ಅದೇ ಹೊತ್ತು, ಬರೆದುದನ್ನು ಇನ್ನೊಬ್ಬರಿಗೆ ತೋರಿಸಲೂ ಅದೇ ಹೊತ್ತು. ಆ ಕಾಲದಲ್ಲಿ ಕನ್ನಡದ ಮನೆಮನೆಗಳಲ್ಲಿ ಓದಿದ ಕಾದಂಬರಿಗಳಲ್ಲಿ ಒಂದು ದೊಡ್ಡ ಪಾಲು ಆ ಒಂದೂವರೆ ಗಂಟೆಯ ಫಲ.

ತ್ರಿವೇಣಿಯವರು, ಎಂದರೆ ಅನಸೂಯಾ ಶಂಕರ್, ೧೯೨೮ರಲ್ಲಿ ಹುಟ್ಟಿದವರು, ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ತಮ್ಮನ ಮಗಳು. ಮನಶ್ಶಾಸ್ತ್ರವನ್ನು ಓದಿ ಪದವಿ ಪಡೆದಿದ್ದರು. ಬರವಣಿಗೆ ಅವರ ಬಳಗಕ್ಕೆ ಹೊಸದಲ್ಲ: ತಂಗಿ ಆರ್ಯಾಂಬ ಪಟ್ಟಾಭಿ ಕಾದಂಬರಿಗಾರ್ತಿ, ‘ಎರಡು ಕನಸು’, ‘ಶುಭಮಂಗಳ’ ಬರೆದ ವಾಣಿಯವರು ಬಂಧು. ೧೯೫೩ರಲ್ಲಿ ‘ಅಪಸ್ವರ’ ಬಂದಿತು. ಅಲ್ಲಿಂದ ಹತ್ತು ವರ್ಷಗಳ ಅವಧಿಯಲ್ಲಿ, ಉಬ್ಬಸದ ಬಾಧೆಯ ನಡುವೆಯೇ, ಇಪ್ಪತ್ತರಷ್ಟು ಕಾದಂಬರಿಗಳು. ಬಾಣಂತನದ ಅನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಗುಣವಾಗಿ ಮನೆಗೆ ಮರಳಿದ ಹೆಂಗಸನ್ನು ಸಮಾಜ ಹೇಗೆ ಮತ್ತೆ ಹುಚ್ಚಿನ ಕಡೆಗೇ ನೂಕುತ್ತದೆಂಬುದನ್ನು ಹೇಳುವ ‘ಶರಪಂಜರ’ವನ್ನು ಓದದ, ಇಲ್ಲವೇ ೧೯೭೧ರ ಅದರ ಚಲನಚಿತ್ರವನ್ನು ನೋಡದ ಮನೆ ಆ ತಲೆಮಾರಿನಲ್ಲಿ ಕಡಮೆ.

ಎಂ. ಕೆ. ಇಂದಿರಾ ಅವರದು ಬೇರೆಯೇ ದಾರಿ. ೧೯೧೭ರಲ್ಲಿ ತೀರ್ಥಹಳ್ಳಿಯಲ್ಲಿ ಜನನ. ಏಳು ವರ್ಷದ ಶಾಲೆ. ಹನ್ನೆರಡನೆಯ ವಯಸ್ಸಿನಲ್ಲಿ ವಿವಾಹ. ಕನ್ನಡವನ್ನೂ ಹಿಂದಿಯನ್ನೂ ಆಸೆಯಿಂದ ಓದುತ್ತಿದ್ದರು. ಮಲೆನಾಡಿನ ಮನೆಗಳ ಕಥೆಗಳು ತಲೆಯ ತುಂಬ ಇದ್ದವು. ಆದರೆ ನಲವತ್ತೈದರ ವರೆಗೆ ಕಾದಂಬರಿ ಬರೆಯಲಿಲ್ಲ. ನಮ್ಮಲ್ಲಿ ಆ ವಯಸ್ಸಿನ ಹೆಂಗಸಿಗೆ ಮೊಮ್ಮಗುವಿನ ತೊಟ್ಟಿಲನ್ನು ತೋರಿಸುತ್ತಾರೆಯೇ ಹೊರತು ಬರೆಯುವ ಮೇಜನ್ನಲ್ಲ.

ಇಂದಿರಾ ಅವರು ಮಂಡ್ಯದಲ್ಲಿದ್ದಾಗ ತ್ರಿವೇಣಿಯವರ ಪರಿಚಯವಾಯಿತು. ಹಿರಿಯಾಕೆಗೆ ಕಿರಿಯಾಕೆ ಬರೆಯುವ ಧೈರ್ಯ ಕೊಟ್ಟರು. ಇಬ್ಬರ ನಡುವೆ ಹನ್ನೊಂದು ವರ್ಷಗಳ ಅಂತರ. ಹಾಗೆ ನೋಡಿದರೆ ಸಂಪ್ರದಾಯಕ್ಕೆ ಇದು ತಲೆಕೆಳಗು. ಒಬ್ಬರು ಆಗಲೇ ಹೆಸರಾದ ಲೇಖಕಿ, ಪದವೀಧರೆ. ಇನ್ನೊಬ್ಬರು ಒಂದು ಪುಸ್ತಕವನ್ನೂ ಅಚ್ಚು ಹಾಕಿಸದ ಗೃಹಿಣಿ. ಹೆಸರಾದವರು ಹೆಸರಾಗದವರಿಗೆ, ಅದೂ ತಮಗಿಂತ ವಯಸ್ಸಿನಲ್ಲಿ ಹಿರಿಯರಿಗೆ, ನಿಮ್ಮಲ್ಲಿ ಕಾದಂಬರಿಯಿದೆ ಎಂದು ಹೇಳುವುದಕ್ಕೆ ಒಂದು ಬಗೆಯ ಔದಾರ್ಯ ಬೇಕು. ಅದನ್ನು ಕೇಳಿಸಿಕೊಂಡು, ಹಂಗಿಸುತ್ತಿದ್ದಾರೆಯೆ ಎಂದು ಅನುಮಾನಿಸದೆ, ಕಾಗದವನ್ನು ಮುಂದಿಟ್ಟುಕೊಂಡು ಕೂರುವುದಕ್ಕೆ ಅದಕ್ಕಿಂತ ಹೆಚ್ಚಿನ ದಿಟ್ಟತನ ಬೇಕು.

‘ತುಂಗಭದ್ರ’ ೧೯೬೩ರ ಪ್ರಕಟಣೆ. ಮೊದಲ ಕಾದಂಬರಿಗೇ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಮುಂದೆ ‘ಸದಾನಂದ’ಕ್ಕೆ, ‘ನವರತ್ನ’ಕ್ಕೆ, ‘ಫಣಿಯಮ್ಮ’ನಿಗೆ. ‘ಗೆಜ್ಜೆಪೂಜೆ’ ೧೯೬೯ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಲನಚಿತ್ರವಾಯಿತು. ನಲವತ್ತೈದಕ್ಕೆ ಆರಂಭಿಸಿದವರು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಂದಿರಾ ಅವರ ಬರವಣಿಗೆ ತ್ರಿವೇಣಿಯವರದರಂತಿಲ್ಲ. ಒಬ್ಬರದು ಪೇಟೆಯ ಮನೆ, ಮುಚ್ಚಿದ ಬಾಗಿಲು, ಬಾಗಿಲಿನ ಹಿಂದೆ ತಳಮಳಿಸುವ ಮನಸ್ಸು. ಇನ್ನೊಬ್ಬರದು ಮಲೆನಾಡಿನ ತೊಟ್ಟಿಮನೆ, ಅಡಿಗೆಮನೆಯ ಹೊಗೆ, ಹಪ್ಪಳ ಒತ್ತುತ್ತಾ ಅಜ್ಜಿಯೊಬ್ಬಳು ಹೇಳುತ್ತ ಹೋಗುವ ಧಾಟಿ. ಗೆಳತಿಯ ಬೆಂಬಲ ಪಡೆದ ಹೊಸ ಲೇಖಕಿ ಗೆಳತಿಯ ನೆರಳಾಗಲಿಲ್ಲ. ಕೊಟ್ಟವರೂ ತಮ್ಮ ಅಚ್ಚಿನಲ್ಲಿ ಎರಕ ಹೊಯ್ಯಲು ಹೋಗಿರಲಾರರು. ಟೋಲ್ಕಿನ್ನರು ಲೂಯಿಸರ ಬಗ್ಗೆ ಹೇಳಿದ್ದನ್ನು ಇಲ್ಲಿಯೂ ಹೇಳಬಹುದೆಂದು ನನ್ನ ಎಣಿಕೆ.

ಅದೇ ೧೯೬೩ರ ಜುಲೈ ೨೯ರಂದು ತ್ರಿವೇಣಿಯವರು ತೀರಿಕೊಂಡರು. ಮಗಳನ್ನು ಹೆತ್ತು ಕೆಲವೇ ದಿನಗಳಾಗಿದ್ದವು. ವಯಸ್ಸು ಮೂವತ್ತೈದು ತುಂಬಿರಲಿಲ್ಲ. ಬರೆಯುತ್ತಿದ್ದ ಕಾದಂಬರಿಯೊಂದು ಅಪೂರ್ಣವಾಗಿ ಉಳಿಯಿತು. ಅದರ ಹೆಸರು ‘ಅವಳ ಮಗಳು’. ಹೆಸರನ್ನು ನೋಡಿದರೆ ಇಂದಿಗೂ ಎದೆ ಜುಮ್ಮೆನ್ನುತ್ತದೆ.

ಆ ಕಾದಂಬರಿಯನ್ನು ಪೂರ್ಣಗೊಳಿಸಿದವರು ಇನ್ನೊಬ್ಬ ಲೇಖಕಿ, ಎಂ. ಸಿ. ಪದ್ಮಾ. ಇನ್ನೊಬ್ಬರ ಕಾದಂಬರಿಯನ್ನು ಮುಗಿಸಿಕೊಡುವುದು ಎಂಥ ಕೆಲಸವೆಂಬುದನ್ನು ಎಣಿಸಿ ನೋಡಿ. ಒಂದು ಪುಟದವರೆಗೆ ಅಕ್ಷರಗಳು ಬಂದಿವೆ, ಅಲ್ಲಿಂದ ಮುಂದೆ ಬರಿಯ ಕಾಗದ. ಪಾತ್ರಗಳು ಯಾವ ಕಡೆ ಮುಖ ಮಾಡಿ ನಿಂತಿವೆಯೆಂಬುದನ್ನು ನೋಡಿ, ಬರೆದವರು ಎತ್ತ ನಡೆಸಬೇಕೆಂದಿದ್ದರೆಂಬುದನ್ನು ಊಹಿಸಬೇಕು. ತನ್ನ ಶೈಲಿಯನ್ನು ಹಿಡಿದಿಡಬೇಕು. ಚೆನ್ನಾಗಿ ಬಂದರೆ ಕೀರ್ತಿ ಮೊದಲಿನವರಿಗೆ. ಕೆಟ್ಟರೆ ಅಪಕೀರ್ತಿ ಮುಗಿಸಿದವರಿಗೆ. ಬದುಕಿರುವ ಗೆಳತಿಗೆ ‘ಆಮೇಲೇನಾಯಿತು?’ ಎಂದು ಕೇಳುವುದು ಸುಲಭ. ಇಲ್ಲಿ ಕೇಳಿದರೆ ಉತ್ತರ ಹೇಳುವವರಿರಲಿಲ್ಲ. ಕೇಳುವವರೇ ಉತ್ತರವನ್ನು ಬರೆಯಬೇಕಾಗಿತ್ತು.

ಚಾಮರಾಜಪುರದಲ್ಲಿರುವ ತ್ರಿವೇಣಿಯವರ ಮನೆಯೂ ಈಚೆಗೆ ಸ್ಮಾರಕವಾಗಿದೆ. ಯಾದವಗಿರಿಯ ನಾರಾಯಣರ ಮನೆಗೆ ಅಲ್ಲಿಂದ ಹೆಚ್ಚು ದೂರವಿಲ್ಲ. ಒಂದೇ ಮಧ್ಯಾಹ್ನದಲ್ಲಿ ಎರಡನ್ನೂ ನೋಡಿ ಬರಬಹುದು. ಲೇಖಕರ ಸ್ಮಾರಕಗಳಲ್ಲಿ ನಾವು ನೋಡಬಯಸುವುದು ಅವರ ಪುಸ್ತಕಗಳನ್ನು, ಭಾವಚಿತ್ರಗಳನ್ನು, ಕನ್ನಡಕವನ್ನು. ಕಿಟ್ಟು ಪೂರ್ಣ ನದಿಗೆಸೆಯದೆ ಉಳಿಸಿದ ಕಟ್ಟಿನ ಹಾಗೂ ಮಂಡ್ಯದ ಆ ಪರಿಚಯದ ಕಥೆಯನ್ನು ಮನೆಯ ಮಕ್ಕಳಿಗೆ ಜೊತೆಯಲ್ಲಿ ಹೋದ ಹಿರಿಯರೇ ಹೇಳಬೇಕು.

ಇಂದಿರಾ ಅವರು ಬಾಲ್ಯದಲ್ಲಿ ಕಂಡಿದ್ದ, ತಾಯಿಯ ಬಾಯಿಂದ ಯಾರ ಬಾಳಿನ ಕಥೆಯನ್ನು ಕೇಳಿದ್ದರೋ ಆ ಬಾಲವಿಧವೆಯನ್ನು ಕುರಿತ ‘ಫಣಿಯಮ್ಮ’ ಪ್ರಕಟವಾದದ್ದು ೧೯೭೬ರಲ್ಲಿ. ಪ್ರೇಮಾ ಕಾರಂತರು ಅದನ್ನು ೧೯೮೩ರಲ್ಲಿ ತೆರೆಗೆ ತಂದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ಅನುವಾದಿಸಿದರು. ತ್ರಿವೇಣಿಯವರು ಅದನ್ನು ಓದಲಿಲ್ಲ. ಅವರು ಹೋಗಿ ಆಗ ಹದಿಮೂರು ವರ್ಷಗಳಾಗಿದ್ದವು.